ಆಟಗಾರ್ತಿಗೆ ಗೊತ್ತಿಲ್ಲ

ಸೆಲೆಕ್ಷನ್ ಮೀಟಿಂಗ್ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಅವನು ಬಾಗಿಲು ತೆಗೆದು ಹೊರಗೆ ಬಂದ. ನೀರಿನ ಕ್ಯಾನಿನ ಹತ್ತಿರ ಹೋಗಿ ಲೋಟ ತುಂಬಿಸಿಕೊಂಡ. ಕುಡಿಯಲಿಲ್ಲ, ಸುಮ್ಮನೆ ಹಿಡಿದು ನಿಂತ.

ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತಿದ್ದ ಅವಳಿಗೆ ಒಳಗಿಂದ ಸೆಲೆಕ್ಟರ್ ಮೇಡಂ ಧ್ವನಿ ಕೇಳಿಸಿತು. "ಸರಿ, ಈಗ ಎಡಗೈ ಸ್ಪಿನ್ನರ್‌ಗಳು." ಬಾಗಿಲು ಮುಚ್ಚಿಕೊಂಡಿತು.

ಎಡಗೈ ಸ್ಪಿನ್ನರ್ ಅಂದರೆ ಅವಳು, ನಂಬರ್ 19. ಇನ್ನೊಬ್ಬಳು ಅವಳಿಗಿಂತ ಎಂಟು ವರ್ಷ ಚಿಕ್ಕವಳು. ರಾಷ್ಟ್ರೀಯ ತಂಡದಲ್ಲಿ ಇದ್ದಿದ್ದು ಒಂದೇ ಜಾಗ.

ಅವನು ಕ್ಯಾಂಪಿನ ವಿಡಿಯೊ ಅನಲಿಸ್ಟ್. ಒಬ್ಬೊಬ್ಬರ ಆಟವನ್ನೂ ಸೆಲೆಕ್ಟರ್‌ಗಳಿಗೆ ತೋರಿಸಿ ವಿವರಿಸುವುದು ಅವನ ಕೆಲಸ. ಮೂರು ವಾರದಿಂದ ನೆಟ್ಸ್ ಹಿಂದೆ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದ. ಅವಳು ತಿರುಗಿ ನೋಡಿದರೆ ಸಾಕು, ಕಣ್ಣು ಲ್ಯಾಪ್‌ಟಾಪಿಗೆ ಇಳಿಯುತ್ತಿತ್ತು.

"ಇನ್ನೊಂದ್ಸಲ ಹಾಕ್ತೀರಾ?" ಅಂತ ಒಮ್ಮೆ ಕೇಳಿದ್ದ.

"ಯಾಕೆ, ಅಷ್ಟು ಚೆನ್ನಾಗಿತ್ತಾ?"

"ರೆಕಾರ್ಡ್ ಆಗ್ಲಿಲ್ಲ."

"ನೋಡ್ತಾ ಇದ್ರಲ್ಲ!"

"ನೋಡ್ತಾನೇ ಇದ್ದೆ," ಅಂದಿದ್ದ, ಕಿವಿ ಕೆಂಪಗೆ ಮಾಡಿಕೊಂಡು.

ಅಂಥವನು ಈಗ ಅವಳ ಸರದಿ ಬಂದ ಹೊತ್ತಿಗೇ ಎದ್ದು ಬಂದಿದ್ದಾನೆ.

"ಒಳಗೆ ನಿಮ್ಗೆ ಕೆಲಸ ಇಲ್ವಾ?"

"ಇದೆ."

"ಮತ್ತೆ?"

"ನೀರು..." ಅಂದ. ಲೋಟ ಹಾಗೇ ಇತ್ತು.

ಸಂಜೆ ನೋಟಿಸ್ ಬೋರ್ಡಿಗೆ ಲಿಸ್ಟ್ ಅಂಟಿಸಿದರು. ತಂಡಕ್ಕೆ ಹದಿನೈದು ಜನ. ಅವಳದು ಹದಿನಾರನೇ ಸಾಲು, ಸ್ಟ್ಯಾಂಡ್‌ಬೈ. ಯಾರಿಗಾದರೂ ಪೆಟ್ಟು ಬಿದ್ದರೆ ಕರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಚಿಕ್ಕವಳ ಬೆನ್ನು ತಟ್ಟಿ, ನಗುಮುಖ ಮಾಡಿಕೊಂಡೇ ಅಲ್ಲಿಂದ ಹೊರಟಳು. ಮೂರು ಹೆಜ್ಜೆ ಇಟ್ಟಿದ್ದಳು ಅಷ್ಟೆ.

"ಏ ಗಿರಗಿಟ್ಲೇ!" ಅವಳ ರೂಮ್‌ಮೇಟ್, ವಿಕೆಟ್ ಕೀಪರ್, ಕೂಗಿದಳು. "ಪಕ್ಕದ ಹಾಳೆ ಓದಿದ್ಯೇನೇ?"

ಈ ವರ್ಷ ಹೊಸ ನಿಯಮ ಬಂದಿತ್ತು. ಮೀಟಿಂಗಿನಲ್ಲಿ ಕೂರುವವರಿಗೆ ಯಾವ ಆಟಗಾರ್ತಿಯ ಜೊತೆ ಏನು ನಂಟಿದ್ದರೂ ಬರೆದುಕೊಡಬೇಕು, ಅವಳ ಸರದಿ ಬಂದಾಗ ಎದ್ದು ಹೊರಗೆ ಹೋಗಬೇಕು. ಆ ಹಾಳೆಗಳೂ ಬೋರ್ಡಿನಲ್ಲಿದ್ದವು. ಒಬ್ಬರು 'ನನ್ನ ತಂಗಿ ಮಗಳು' ಅಂತ ಬರೆದಿದ್ದರು, ಇನ್ನೊಬ್ಬರು 'ನನ್ನ ಕ್ಲಬ್ಬಿನವಳು' ಅಂತ. ಮೂರನೇದು ಓರೆ ಅಕ್ಷರದಲ್ಲಿತ್ತು.

'ಆಟಗಾರ್ತಿ: ಎಡಗೈ ಸ್ಪಿನ್ನರ್, ನಂಬರ್ 19. ಸಂಬಂಧ: ನನ್ನ ಕಡೆಯಿಂದ ಮಾತ್ರ. ಆಟಗಾರ್ತಿಗೆ ಗೊತ್ತಿಲ್ಲ.'

"ಈಗ ಅಡುಗೆಯವರಿಗೂ ಗೊತ್ತು ಬಿಡು," ಅಂದಳು ಕೀಪರ್.

ಅವಳು ಸೀದಾ ವಿಡಿಯೊ ರೂಮಿಗೆ ನುಗ್ಗಿದಳು. ವೈರ್ ಸುತ್ತುತ್ತಿದ್ದವನು ಗಾಬರಿಯಿಂದ ಎದ್ದು ನಿಂತ. "ದೇವರಾಣೆ, ಅದನ್ನ ಬೋರ್ಡಿಗೆ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ. ಫೈಲಿಗೆ ಹೋಗುತ್ತೆ ಅನ್ಕೊಂಡಿದ್ದೆ."

"ಅದಿರ್ಲಿ. ನೀವು ಒಳಗೇ ಇದ್ದಿದ್ರೆ ನಾನು ತಂಡದಲ್ಲಿ ಇರ್ತಿದ್ನಾ?"

ಅವನು ಕೈಲಿದ್ದ ವೈರನ್ನು ಮೇಜಿನ ಮೇಲಿಟ್ಟ. ಆಮೇಲೆ, "ಇರ್ತಿದ್ರೇನೋ," ಅಂದ. "ನಿಮ್ಮ ವಿಡಿಯೊದಿಂದ ಎರಡು ಕೆಟ್ಟ ಬಾಲ್, ಫುಲ್‌ಟಾಸ್, ತೆಗೆದುಬಿಟ್ಟಿದ್ದೆ. ಬೇಕು ಅಂತ ಅಲ್ಲ, ಕೈ ತಾನಾಗೇ ತೆಗೆದಿತ್ತು. ಬೆಳಿಗ್ಗೆ ನೋಡ್ಕೊಂಡು ನಂಗೇ ಭಯ ಆಯ್ತು. ವಾಪಸ್ ಸೇರಿಸ್ದೆ. ಲ್ಯಾಪ್‌ಟಾಪ್ ಮೇಡಂ ಕೈಗೆ ಕೊಟ್ಟು, ಆ ಹಾಳೆ ಬರೆದಿಟ್ಟು ಎದ್ದು ಬಂದೆ."

"ಹನ್ನೊಂದು ವರ್ಷ ಕಾದಿದ್ದೀನಿ ರೀ ನಾನು." ಅವಳು ಎರಡು ಬೆರಳು ಎತ್ತಿ ತೋರಿಸಿದಳು. "ಎರಡು ಬಾಲ್. ಎರಡೇ ಎರಡು ಬಾಲ್ ಮರೆತುಬಿಟ್ಟಿದ್ರೆ ಏನಾಗ್ತಿತ್ತು?"

ಅವಳು ಕಿಟಕಿಯ ಕಡೆ ತಿರುಗಿದಳು.

ಕಿಟಕಿಯಾಚೆ ಆ ಚಿಕ್ಕವಳು ಫೋನಿನಲ್ಲಿ ಅಳುತ್ತಾ ನಗುತ್ತಾ ಯಾರಿಗೋ ಹೇಳುತ್ತಿದ್ದಳು. ಆರು ವರ್ಷದ ಹಿಂದೆ ಇವಳಿಗೂ ಹೀಗೆ ಫೋನ್ ಮಾಡುವ ದಿನ ಬರಬೇಕಿತ್ತು. ಆಗ ಸೆಲೆಕ್ಟರ್ ಒಬ್ಬರ ಮನೆ ಹುಡುಗಿಗೆ ಆ ಜಾಗ ಹೋಯಿತು. ಎಲ್ಲರಿಗೂ ಗೊತ್ತಿತ್ತು. ಅವತ್ತು ಆ ರೂಮಿನಿಂದ ಯಾರೂ ಎದ್ದು ಹೊರಗೆ ಬಂದಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತಳು. "ತೋರ್ಸಿ ಆ ಫುಲ್‌ಟಾಸ್‌ನ."

ತೋರಿಸಿದ. ಬಾಲ್ ಸೊಂಟದೆತ್ತರಕ್ಕೆ ತೇಲಿಹೋಯಿತು, ಬ್ಯಾಟರ್ ಎತ್ತಿ ಬಾರಿಸಿದಳು.

"ಥೂ! ನಾನೇ ಸೆಲೆಕ್ಟರ್ ಆಗಿದ್ರೂ ನನ್ನ ತಗೊಳ್ತಿರ್ಲಿಲ್ಲ."

"ನಂಗೆ ಅದೂ ಇಷ್ಟ," ಅಂದ ಅವನು ಮೆಲ್ಲಗೆ.

"ಆ ಬಾಲಾ? ಸುಳ್ಳು."

"ಅದಕ್ಕೇ ಅಲ್ವಾ ನಾನು ಒಳಗೆ ಕೂರಬಾರದಾಗಿದ್ದು."

ಅವಳಿಗೆ ತಡೆಯಲಾರದಷ್ಟು ನಗು ಬಂತು. ಅವನು ಮೊದಲ ಸಲ ಕಣ್ಣು ತಪ್ಪಿಸದೆ ನೋಡಿದ. ಇಷ್ಟು ಹತ್ತಿರದಿಂದ ಆ ಕಣ್ಣುಗಳು ಕಂದು ಬಣ್ಣದವು ಅನ್ನುವುದು ಅವಳಿಗೂ ಮೊದಲ ಸಲ ಗೊತ್ತಾಯಿತು.

ಅಷ್ಟರಲ್ಲಿ ಅಮ್ಮನ ಫೋನ್. ಅತ್ತ ಹೊಲಿಗೆ ಮಿಷನ್ ಸದ್ದು ನಿಂತಿತು. "ಏನಾಯ್ತೇ?"

"ಹದಿನಾರನೇದು ಅಮ್ಮಾ."

"ಅಂದ್ರೆ ಒಳಗೋ, ಹೊರಗೋ?"

"ಹೊಸ್ತಿಲ ಮೇಲೆ. ಮೂರು ತಿಂಗಳಿಗೆ ಮತ್ತೆ ಸೆಲೆಕ್ಷನ್ ಇದೆ, ಬಿಡಲ್ಲ." ಸ್ವಲ್ಪ ತಡೆದು, "ಭಾನುವಾರ ಊಟಕ್ಕೆ ಒಬ್ರನ್ನ ಕರ್ಕೊಂಡ್ ಬರ್ಲಾ? ಇಲ್ಲಿ ವಿಡಿಯೊ ತೋರಿಸೋರು," ಅಂದಳು.

"ನಿನ್ನ ಹೊರಗಿಟ್ಟೋರಿಗೆ ನಾನು ಅಡುಗೆ ಮಾಡಿ ಬಡಿಸ್ಬೇಕೇನೇ?"

ಅವಳು ಕೈ ಚಾಚಿ ಅವನ ಬೆರಳು ಹಿಡಿದುಕೊಂಡಳು.

"ಇವರೂ ಹೊರಗೇ ಇದ್ರಮ್ಮಾ."