ತಡವಾಗಿ ತಲುಪಿದ ರಕ್ತ

ರಕ್ತ ತೆಗೆಯುವ ಕೋಣೆಯ ಪರದೆ ಸರಿಸಿದವಳು ಅಲ್ಲೇ ನಿಂತುಬಿಟ್ಟಳು.

ಸೂಜಿ ಹಿಡಿದು ಕೂತಿದ್ದವನು ಅವಳ ಗಂಡ!

ನಾಲ್ಕು ತಿಂಗಳಾಗಿತ್ತು ಅವನ ಮುಖ ನೋಡಿ. ಅವನು ಈ ಆಸ್ಪತ್ರೆಗೆ ಕೆಲಸ ಬದಲಿಸಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ಅವಳ ಏಳು ತಿಂಗಳ ಹೊಟ್ಟೆಯನ್ನೊಮ್ಮೆ ನೋಡಿದ. ಸೂಜಿ ಕೆಳಗಿಟ್ಟು ಪಕ್ಕದ ನರ್ಸಿಗೆ ಹೇಳಿದ.

"ಇವರದ್ದು ನೀವೇ ತಗೊಳ್ಳಿ ಸಿಸ್ಟರ್."

ಅಷ್ಟೇ. 'ಚೆನ್ನಾಗಿದೀಯಾ' ಅಂತ ಒಂದು ಮಾತಿಲ್ಲ.

ನನ್ನ ಕೈ ಮುಟ್ಟೋಕೂ ಅಸಹ್ಯವಾ ಇವರಿಗೆ... ಅವಳ ಕಣ್ಣು ತುಂಬಿತು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ.

ಗಂಡನ ಮೇಲೆ ಅವಳಿಗೆ ಅಂಥ ಸಿಟ್ಟೇಕೆ ಎಂದರೆ, ಮೊದಲ ಬಸಿರಿನ ಕಥೆ ಹೇಳಬೇಕು. ಎಂಟು ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಾಗಿದ್ದೇ ಆಮೇಲೆ. ಅತ್ತೆಗೆ ಅಷ್ಟು ಸಾಕಾಯಿತು. "ಬಾಯಿ ಚಪಲಕ್ಕೆ ನನ್ನ ಮೊಮ್ಮಗೂನೇ ತಿಂದಳು" ಎಂದು ಬಂದವರ ಮುಂದೆಲ್ಲ ಆಡಿದರು. ಅವಳು ಮತ್ತೆ ಬಸುರಿಯಾದಾಗ, "ಈ ಸಲನಾದ್ರೂ ಬಾಯಿ ಕಟ್ಟು" ಎಂದರು. ಗಂಡ ತಟ್ಟೆ ನೋಡುತ್ತ ಊಟ ಮುಗಿಸಿದ. ಅವತ್ತೇ ಅವಳು ಬಟ್ಟೆ ಕಟ್ಟಿಕೊಂಡು ಅಕ್ಕನ ಮನೆ ಸೇರಿದಳು. ಅತ್ತೆಯ ಮಾತನ್ನಾದರೂ ನುಂಗಬಹುದಿತ್ತು. ಆ ಮೌನ ಗಂಟಲಲ್ಲಿ ಇಳಿಯಲಿಲ್ಲ, ನೋಡಿ.

ಮಧ್ಯಾಹ್ನ ಡಾಕ್ಟರಮ್ಮ ಕರೆದರು.

"ಸಕ್ಕರೆ ಜಾಸ್ತಿ ಇದೆಯಮ್ಮ. ಉರಿಯೂತದ, ಅಂದ್ರೆ ಮೈಯೊಳಗಿನ ಊತದ ಪರೀಕ್ಷೇನೂ ಮಾಡಿಸಿದ್ವಿ, ಅದೂ ಏರಿದೆ."

"ನಾನು ಸಿಹಿ ಮುಟ್ಟಿಲ್ಲ ಡಾಕ್ಟ್ರೇ... ಅನ್ನಾನೂ ಬಿಟ್ಟಿದೀನಿ."

"ಅನ್ನ ಬಿಟ್ಟು ಮಗುಗೆ ಏನು ಕೊಡ್ತೀಯ? ಇದು ನೀನು ತಿಂದು ತಂದುಕೊಂಡಿದ್ದಲ್ಲ. ಬಸಿರಲ್ಲಿ ಕೆಲವರ ಮೈ ಇನ್ಸುಲಿನ್ ಮಾತು ಕೇಳಲ್ಲ ಅಂತ ಹಠ ಹಿಡಿಯುತ್ತೆ. ಅಂಥವರಲ್ಲಿ ಎಷ್ಟೋ ಸಲ ಈ ಉರಿಯೂತಾನೂ ಜೊತೆಗೇ ಕಾಣುತ್ತೆ. ಇನ್ಸುಲಿನ್ ಹೊರಗಿಂದ ಕೊಡೋಣ, ಮಗು ಮೇಲೆ ಕಣ್ಣಿಟ್ಟಿರೋಣ." ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಆದ್ರೆ ಮೊದಲ ಬಸಿರಲ್ಲಿ ಇದೇ ತಿಂಗಳಲ್ಲಿ ಸಕ್ಕರೆ ಸರಿ ಇತ್ತು ಅಂತಿದೀಯಲ್ಲ?"

"ಹೌದು. ಪರೀಕ್ಷೇಲಿ ಸರಿಯಾಗೇ ಇತ್ತು."

"ಇರ್ಲಿಲ್ಲ."

ಬಾಗಿಲಲ್ಲಿ ಗಂಡ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಆಸ್ಪತ್ರೆ ಸಾಲಲ್ಲಿ ನೀನು ತಲೆ ಸುತ್ತಿ ಬೀಳ್ತೀಯ ಅಂತ ನಾನೇ ಮನೇಲಿ ರಕ್ತ ತೆಗೆದೆನಲ್ಲ... ಸಕ್ಕರೆ ಕೆಡದ ಹಾಗೆ ಮದ್ದು ಹಾಕಿರೋ ಕೊಳವೆ ಮನೇಲಿ ಇರ್ಲಿಲ್ಲ. ಬೇಗ ತಲುಪಿಸಿದ್ರಾಯ್ತು ಅಂತ ಇದ್ದದ್ದರಲ್ಲೇ ಹಾಕ್ಕೊಂಡು ಹೊರಟೆ. ದಾರೀಲಿ ಬಡಗಿ ಅಂಗಡಿ ಹೊಕ್ಕೆ... ತೊಟ್ಟಿಲು ನೋಡೋಕೆ." ಅವನು ಒಳಗೆ ಒಂದು ಹೆಜ್ಜೆ ಇಟ್ಟ. "ತಡ ಆದ್ರೆ ಕೊಳವೆಯೊಳಗೆ ರಕ್ತಾನೇ ತನ್ನ ಸಕ್ಕರೆ ತಿಂದುಬಿಡುತ್ತೆ, ಪರೀಕ್ಷೇಲಿ ಕಮ್ಮಿ ತೋರಿಸುತ್ತೆ. ನಂಗೆ ಗೊತ್ತಿತ್ತು. ಸರಿ ಇದೆ ಅಂತ ಬಂದಾಗ ಖುಷಿಪಟ್ಟು ಸುಮ್ನಾದೆ."

ಅವಳು ಎದ್ದು ಹೊರಗಿನ ಬೆಂಚಿನ ಮೇಲೆ ಕುಸಿದಳು. ಅವನು ಹಿಂದೆಯೇ ಬಂದು ನಿಂತ.

"ಅತ್ತೆ ನನ್ನ ಅಷ್ಟು ಅನ್ನುವಾಗ... ತಟ್ಟೆ ನೋಡ್ಕೊಂಡು ಉಂಡ್ರಲ್ಲರೀ."

"ಬಾಯಿ ತೆರೆದ್ರೆ ನೀನು ನನ್ನ ಬಿಟ್ಟುಹೋಗ್ತೀಯ ಅಂತ ಹೆದರಿದೆ. ತೆರೀಲಿಲ್ಲ... ಆಗ್ಲೂ ಹೋದೆ. ನಿಮ್ಮಕ್ಕನ ಮನೆಗೆ ಇದೇ ಹತ್ತಿರದ ಆಸ್ಪತ್ರೆ ಅಂತ ಇಲ್ಲಿ ಸೇರ್ಕೊಂಡೆ. ಇವತ್ತು ನಿನ್ನ ಕೈಗೆ ಚುಚ್ಚೋಕೆ ಧೈರ್ಯ ಬರ್ಲಿಲ್ಲ. ಆದ್ರೆ ನಿನ್ನ ರಕ್ತಾನ ಲ್ಯಾಬಿಗೆ ನಾನೇ ಓಡಿ ಒಯ್ದೆ ಕಣೇ."

ಅಯ್ಯೋ ದೇವರೇ, ಇವರನ್ನ ಹೊಡೆಯಲಾ, ಅಪ್ಪಿಕೊಳ್ಳಲಾ... ಅವಳಿಗೆ ತಿಳಿಯಲಿಲ್ಲ.

"ಅತ್ತೆಗೆ ಫೋನ್ ಮಾಡಿ. ಈಗಲೇ. ನಂಗೂ ಕೇಳಿಸ್ಬೇಕು."

ಅವನು ಮಾಡಿದ. "ಅಮ್ಮ... ಮಗು ಹೋಗಿದ್ದು ಇವಳ ಬಾಯಿಂದಲ್ಲ. ನನ್ನ ಕೈಯಿಂದ." ಎಲ್ಲವನ್ನೂ ಹೇಳಿದ.

ಆ ಕಡೆಯಿಂದ ಅತ್ತೆಯ ಅಳು ಕೇಳಿಸಿತು. "ಗೊತ್ತಿದ್ದೂ ಗೊತ್ತಿದ್ದೂ ನನ್ನ ಬಾಯಲ್ಲಿ ಅವಳಿಗೆ ಏನೇನು ಅನ್ನಿಸ್ಬಿಟ್ಯೋ... ಪಾಪಿ."

ಫೋನು ಕಟ್ಟಾಯಿತು. ಅವನು ಅದನ್ನು ಜೇಬಿಗಿಟ್ಟ.

"ಕ್ಷಮಿಸ್ತೀನೋ ಇಲ್ವೋ ಗೊತ್ತಿಲ್ಲರೀ," ಎಂದಳು. "ಇಷ್ಟಾದ್ರೂ ನಿಮ್ಮ ಮೇಲಿನ ಪ್ರೀತಿ ಸಾಯ್ತಿಲ್ಲ. ಅದೇ ಸಿಟ್ಟು ನಂಗೆ."

"ಕ್ಷಮಿಸು ಅಂತ ಕೇಳಲ್ಲ. ಜೊತೇಲಿರೋಕೆ ಬಿಡು, ಸಾಕು."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. ಒಳಗೆ ಮಗು ಮಿಸುಕಿತು. ಉಳಿಯುತ್ತದೋ ಇಲ್ಲವೋ ಎಂಬ ಭಯ ಎದೆಯಲ್ಲಿ ಹಾಗೇ ಇತ್ತು.

"ಹೋದ ಮಗೂನ ನಂಗೆ ಯಾರೂ ತೋರಿಸ್ಲೇ ಇಲ್ಲ," ಎಂದಳು ಮೆಲ್ಲಗೆ. "ನೀವು ನೋಡಿದ್ರಾ?"

"ಎತ್ತಿಕೊಂಡಿದ್ದೆ..."

"ಹೇಗಿತ್ತು?"

"ತಲೆ ತುಂಬ ಕೂದಲು. ಮೂಗು ನಿನ್ನದೇ."

ಅವಳು ಸೀರೆ ಒತ್ತಟ್ಟಿಗೆ ಎಳೆದುಕೊಂಡು, ಪಕ್ಕದಲ್ಲಿ ಜಾಗ ಬಿಟ್ಟಳು.

"ಕೂತ್ಕೊಂಡು ಹೇಳಿ," ಎಂದಳು.