ಕೋಡಿ 214

ಜೀಪು ಎರಡನೇ ಸಲ ನನ್ನ ಬೈಕಿಗೆ ಗುದ್ದಿತು!

ತೆಕ್ಕಟ್ಟೆ ಹತ್ತಿರ. ಬೆಳಗ್ಗೆ ಒಂಬತ್ತೂವರೆ. ನನ್ನ ಶರ್ಟಿನೊಳಗೆ ಒಂದು ಹಾರ್ಡ್‌ಡಿಸ್ಕ್. ಅರ್ಧ ಗಂಟೆ ಹಿಂದೆ ಬ್ರಹ್ಮಾವರದ ಒಂದು ಆಫೀಸಿನಿಂದ ಕದ್ದದ್ದು.

ಕಳೆದದ್ದನ್ನು ಪತ್ತೆ ಮಾಡುವುದು ನನ್ನ ಕಸುಬು. ಇದನ್ನು ಕದಿಯಲು ಹೇಳಿದವಳು ವನಜ. ಕುಂದಾಪುರದಲ್ಲಿ ರತ್ನಾಕರ ಶೆಟ್ಟರ ಪಾರ್ಸೆಲ್ ಸರ್ವೀಸಿನ ಕ್ಲರ್ಕು. ನಮ್ಮ ಕಡೆ ಡೋರ್ ನಂಬರ್ ಹೇಳುವ ಅಭ್ಯಾಸ ಯಾರಿಗಿದೆ ಹೇಳಿ? ಹಳೇ ಸಾಫ್ಟ್‌ವೇರಿನ ಖಾಲಿ ಕಾಲಮ್ಮಿನಲ್ಲಿ ಅವಳು ಮನೆಗಳ ಗುರುತು ಬರೆದಳು. ಪ್ರತಿ ಮನೆಗೂ ಒಂದು ನಂಬರ್. ಅದರಿಂದಲೇ ಹೊಸ ಸರ್ವೀಸ್ ಹುಟ್ಟಿತು... ಮಂಗಳೂರಿನ ಔಷಧಿ ಬಸ್ಸಿನಲ್ಲಿ ಬಂದು ಮನೆ ಬಾಗಿಲಿಗೆ!

2006ರಲ್ಲಿ ಶೆಟ್ಟರು ಹೊಸ ಸಾಫ್ಟ್‌ವೇರ್ ಕೊಂಡರು. ಆ ಕಾಲಮ್ಮೇ ಇಲ್ಲ. ಮಾರಿದ ಮನೀಷ್ ಮೊನ್ನೆ ಹಳೇ ಡಿಸ್ಕನ್ನು ಕಿತ್ತುಕೊಂಡು ಬ್ರಹ್ಮಾವರದ ತನ್ನ ಆಫೀಸಿಗೆ ಹೋದ.

ಈಗ ವನಜಳ ಕೌಂಟರಿನಲ್ಲಿ ಐಸ್ ಪೆಟ್ಟಿಗೆ. ಒಳಗೆ ಇನ್ಸುಲಿನ್. ಮೇಲೆ ಬರೆದದ್ದು ಇಷ್ಟೇ: ಕೋಡಿ 214. ಕೋಡಿ ಎಂದರೆ ಪಕ್ಕದ ಕಡಲ ಬದಿಯ ಊರು, ನೂರಾರು ಮನೆ. ರೋಗಿಯ ಔಷಧಿ ನಿನ್ನೆಯೇ ಮುಗಿದಿದೆ ಎಂದರು ಮಂಗಳೂರಿನ ಮೆಡಿಕಲ್ ಶಾಪಿನವರು. ಅವರ ಹತ್ತಿರವೂ ನಂಬರ್ ಮಾತ್ರ.

ಕೋಟೇಶ್ವರದಲ್ಲಿ ಜೀಪು ಅಡ್ಡ ನಿಂತಿತು. ಮನೀಷ್ ಇಳಿದ. ಕೈಯಲ್ಲಿ ಸ್ಪ್ಯಾನರ್.

"ಡಿಸ್ಕ್ ಕೊಡು!"

"ನಿನಗ್ಯಾಕೆ ಈ ಹಳೇ ಗುಜರಿ?"

"ಅದು ಓಡಿದರೆ ಶೆಟ್ರು ಬೈಂದೂರು ಬ್ರಾಂಚಿಗೆ ನಮ್ಮ ಸಾಫ್ಟ್‌ವೇರ್ ಹಾಕಲ್ಲ."

"ಒಂದು ಕಾಲಮ್ ಸೇರಿಸು ಮಾರಾಯ!"

"ಎಲ್ಲ ಕಸ್ಟಮರಿಗೂ ಒಂದೇ ಮಾಲು. ನೀವು ನಿಮ್ಮ ಕೆಲಸದ ರೀತಿ ಬದಲಾಯಿಸಿಕೊಳ್ಳಿ!"

ಸ್ಪ್ಯಾನರ್ ಬೀಸಿದ. ಎಡ ಭುಜ ಮರಗಟ್ಟಿತು... ಹೆಲ್ಮೆಟ್ಟಿನಿಂದ ಅವನ ಮೂಗಿಗೆ ಕೊಟ್ಟೆ. ಬೈಕನ್ನು ಗದ್ದೆ ಅಂಚಿಗೆ ಹತ್ತಿಸಿದೆ. ಜೀಪು ಅಲ್ಲಿಗೆ ಬರಲಾರದು.

"ಹ್ವಾಯ್, ಎಷ್ಟ್ ಹೊತ್ತ್ ಮಾರಾಯ್ರೆ!" ಕುಂದಾಪುರದ ಕೌಂಟರಿನಿಂದ ವನಜ ಕೂಗಿದಳು. "ರಕ್ತ ಎಂತಕ್ಕೆ?"

"ನಂದಲ್ಲ. ಬೇಗ ಹಾಕು!"

ಹಳೇ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಸಿದಳು. ಎರಡು ನಿಮಿಷ... ಮೂರು...

214. ಬೆಳ್ಳಿ. ಬಲೆ ಶೆಡ್ಡಿನ ಹಿಂದೆ, ನೀಲಿ ಬಾಗಿಲು.

ಪೆಟ್ಟಿಗೆ ಹಿಡಿದು ಕೋಡಿಗೆ ಬೈಕ್ ಓಡಿಸಿದೆ. ಬೆಳ್ಳಿ, ಮೀನು ಮಾರುವ ಹೆಂಗಸು. ಚಾಪೆ ಮೇಲೆ ಏದುಸಿರು ಬಿಡುತ್ತಿದ್ದಳು. ಮಗಳು ಗುಲಾಬಿ ಪೆಟ್ಟಿಗೆ ಕಿತ್ತುಕೊಂಡಳು. "ನೀವ್ ಬಪ್ಪುದೇ ಇಲ್ಲ ಅಂದ್ಕಂಡಿದ್ದೆ!" ಸೂಜಿ ಚುಚ್ಚಿ, ನನ್ನ ಜೊತೆ ಸೇರಿ ತಾಯಿಯನ್ನು ರಿಕ್ಷಾ ಹತ್ತಿಸಿದಳು. ಬೆಳ್ಳಿ ಬದುಕಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟ ಇತ್ತು ಎಂದರು ಡಾಕ್ಟರು.

ಮರುದಿನ ಶೆಟ್ಟರು ವನಜಳನ್ನು ಡಿಸ್‌ಮಿಸ್ ಮಾಡಿದರು. ಕಾರಣ, ಹೊಸ ಸಿಸ್ಟಮ್ಮಿಗೆ ಹೊಂದಿಕೊಳ್ಳಲಿಲ್ಲ!

ಎರಡು ತಿಂಗಳ ನಂತರ ಶೆಟ್ಟರಿಂದ ನನಗೆ ಬುಲಾವ್ ಬಂತು.

"ಬೈಂದೂರಿನಗೆ ಯಾರೋ ಮನೆ ಬಾಗಿಲಿಗೆ ಔಷಧಿ ಕೊಡುಕೆ ಶುರು ಮಾಡಿರಂಬ್ರ್. ನಮ್ ಗಿರಾಕಿಗಳೆಲ್ಲ ಅಲ್ಲಿಗೆ! ನಮ್ ಐಡಿಯಾ ಕದ್ದದ್ದ್ ಯಾರ್? ಪತ್ತೆ ಮಾಡ್."

"ಕದ್ದಿಲ್ಲ ಶೆಟ್ರೆ... ನೀವೇ ಡಿಸ್‌ಮಿಸ್ ಮಾಡಿ ಕಳಿಸಿದ್ದು!"