ಪ್ರತಿ ಸಾಲಿನ ಮುಂದೆಯೂ ಅವಳ ಹೆಸರು

"ಇಲ್ಲಿ ಆಶಾರಾಣಿ ಅಂದ್ರೆ ಯಾರ್ರಿ?"

ದಾವಣಗೆರೆಯ ಆ ಪುಟ್ಟ ಕಂಪ್ಯೂಟರ್ ಆಫೀಸಿನ ಬಾಗಿಲಲ್ಲಿ ನಿಂತವನ ದನಿಗೆ ಅವಳು ತಲೆಯೆತ್ತಿದಳು.

"ನಾನೇ..."

"ನಾನು ಕೊಟ್ಟೂರೇಶ್. ಹರಿಹರದ ಕಾರ್ಖಾನೆಯಿಂದ." ಕಾಗದದ ಕಂತೆಯನ್ನು ಮೇಜಿನ ಮೇಲೆ ಕುಕ್ಕಿದ. "ನನ್ನ ಪ್ರೋಗ್ರಾಮಿನ ನಾಕು ಸಾವಿರ ಸಾಲನ್ನೂ ಬದಲಾಯಿಸೀರಲ್ಲ! ಯಾಕ?"

ಕೊಟ್ಟೂರೇಶ್! ಆರು ತಿಂಗಳಿಂದ ಮುಖ ನೋಡದೆಯೇ ಅವಳು ಮೆಚ್ಚಿಕೊಂಡಿದ್ದವನು...

ಕಾರ್ಖಾನೆಯ ಬಾಯ್ಲರಿನ ಬಿಸಿ, ಒತ್ತಡಗಳ ಮೇಲೆ ಕಣ್ಣಿಡುವ ಪ್ರೋಗ್ರಾಮನ್ನು ಇಬ್ಬರೂ ಸೇರಿ ಬರೆಯುತ್ತಿದ್ದರು. ಅವಳ ಕಂಪ್ಯೂಟರ್ ನಡೆಸುವುದು ವಿಂಡೋಸ್, ಅವನದನ್ನು ಯುನಿಕ್ಸ್. ಯಾರು, ಯಾವಾಗ, ಏನು ತಿದ್ದಿದರೆಂದು ದಾಖಲಿಸುವ ವ್ಯವಸ್ಥೆಯೂ ಬೇರೆ ಬೇರೆ. ಇಲ್ಲಿಯ ತಿದ್ದುಪಡಿಗಳನ್ನು ಅಲ್ಲಿಗೆ ದಾಟಿಸುವ ಸೇತುವೆ ಪ್ರೋಗ್ರಾಂ ಅವಳದೇ. ನಿನ್ನೆ ಮೊದಲ ಸಲ ಓಡಿತ್ತು; ಅಲ್ಲಿಯವರೆಗೆ ತಿದ್ದುಪಡಿಗಳನ್ನು ಈಮೇಲಿನಲ್ಲಿ ಕಳಿಸಿ ಕೈಯಾರೆ ಸೇರಿಸಿಕೊಳ್ಳುತ್ತಿದ್ದರು. ಪ್ರತಿ ತಿದ್ದುಪಡಿಯ ಜೊತೆ ಅವನು ಬರೆಯುತ್ತಿದ್ದ ಪುಟ್ಟ ಟಿಪ್ಪಣಿಗಾಗಿ ಅವಳು ದಿನವೂ ಕಾಯುತ್ತಿದ್ದಳು.

"ನಾನು ಮೂರೇ ಸಾಲು ಮುಟ್ಟಿದ್ದು ಸರ್!"

"ಸುಳ್ಳು ಬ್ಯಾಡ್ರಿ. ಎಲ್ಲ ಸಾಲಿನ ಮುಂದೂ ನಿಮ್ಮ ಹೆಸರೇ ಐತೆ. ಸೋಮವಾರ ಬಾಯ್ಲರ್ ಹಚ್ಚಬೇಕು. ಎಲ್ಲಿ ಏನು ಕೆಟ್ಟೈತೋ ಹೆಂಗೆ ಹುಡುಕ್ಲಿ? ಅಲ್ಲಿ ಹತ್ತು ಜನ ನಿಂತಿರ್ತಾರೆ!"

ಗದ್ದಲ ಕೇಳಿ ಮಾಲೀಕ ವಾಮದೇವಪ್ಪ ಹೊರಬಂದರು. "ನಾಳೆ ಸಂಜೆಯೊಳಗೆ ತಪ್ಪು ತೋರ್ಸವ್ವ. ಇಲ್ಲಾಂದ್ರೆ ಸೋಮವಾರದಿಂದ ಬರಬ್ಯಾಡ."

ಅವನು ಬಿಟ್ಟುಹೋದ ಕಾಗದದಲ್ಲಿದ್ದ ಹಳೆಯ ಸಾಲುಗಳನ್ನು ತನ್ನ ಪ್ರತಿಯ ಪಕ್ಕದಲ್ಲಿಟ್ಟು ನೋಡಿದಳು. ಆ ಮೂರು ಸಾಲು ಬಿಟ್ಟರೆ ಒಂದಕ್ಷರವೂ ಬೇರೆಯಿಲ್ಲ! ಹಾಗಾದರೆ ಬದಲಾದದ್ದೇನು? ನಾನೇ ಏನಾದರೂ ಮಾಡಿಬಿಟ್ಟೆನಾ...

ಮರುದಿನ, ಶನಿವಾರ ಮಧ್ಯಾಹ್ನ, ತಾನು ಮುಟ್ಟಿಯೇ ಇರದ ಒಂದು ಫೈಲಿನ ಗಾತ್ರ ನೋಡಿದಳು. ಅದರಲ್ಲಿ 612 ಸಾಲು. ಹರಿಹರದ ಮೂಲ ಪ್ರತಿಗಿಂತ ಸರಿಯಾಗಿ 612 ಅಕ್ಷರ ಹೆಚ್ಚು!

ಸಿಕ್ಕ ಬಸ್ಸಿಗೇ ಹರಿಹರಕ್ಕೆ ಓಡಿದಳು.

"ಸಾಲಿಗೊಂದು ಕಾಣದ ಅಕ್ಷರ ಐತ್ರಿ!" ಕೊಟ್ಟೂರೇಶನ ಮೇಜಿನ ಮುಂದೆ ನಿಂತು ಏದುಸಿರಿನಲ್ಲೇ ಹೇಳಿದಳು. "ಸಾಲು ಮುಗೀತು ಅನ್ನೋಕೆ ವಿಂಡೋಸ್ ಎರಡು ಗುರುತು ಹಾಕ್ತೈತೆ, ಯುನಿಕ್ಸ್ ಒಂದೇ. ನನ್ನ ಸೇತುವೆ ಎರಡನ್ನೂ ಹಂಗೇ ದಾಟಿಸೈತೆ. ಅದಕ್ಕೇ ಎಲ್ಲ ಸಾಲೂ ನಾನೇ ಬದಲಾಯ್ಸಿದಂಗೆ ಕಾಣ್ತೈತೆ. ಅದು ನನ್ನ ತಪ್ಪು. ಆದ್ರೆ ನಿಮ್ಮ ಕೆಲ್ಸ ನಾನು ಕೆಡಿಸಿಲ್ಲ..."

ಅವನು ಕುರ್ಚಿ ಎಳೆದುಕೊಟ್ಟ.

ಅವಳು ಸೇತುವೆಯನ್ನು ತಿದ್ದಿದಳು. ಹರಿಹರಕ್ಕೆ ಬರುವಾಗ ಹೆಚ್ಚಿನ ಗುರುತು ತೆಗೆಯಬೇಕು, ದಾವಣಗೆರೆಗೆ ಹೋಗುವಾಗ ಮತ್ತೆ ಸೇರಿಸಬೇಕು.

"ಚಿತ್ರದ ಫೈಲು ಮುಟ್ಟೋದು ಬ್ಯಾಡ್ರಿ, ಅವುಕ್ಕೆ ಸಾಲು ಅನ್ನೋದೇ ಇಲ್ಲ, ಕೆಡ್ತಾವೆ," ಅವನು ಮೆಲ್ಲಗೆ ಹೇಳಿದ.

ಮತ್ತೆ ಓಡಿಸಿದರು. ದೇವರೇ... ಅವಳು ಕಣ್ಣು ಮುಚ್ಚಿಕೊಂಡಳು.

"ಮೂರು!" ಅವನು ಕೂಗಿದ. "ಮೂರೇ ಸಾಲು ಬದಲಾಗಿರೋದು!"

ಅವಳಿಗೆ ಅಳು ಉಕ್ಕಿ ಬಂತು. "ಒಂದ್ ಫೋನ್ ಮಾಡಿ ಕೇಳ್ಬೋದಿತ್ತಲ್ರಿ..."

"ತಪ್ಪಾತು ಆಶಾ." ಅವನು ತಲೆ ತಗ್ಗಿಸಿದ. "ನಿಮ್ಮ ಟಿಪ್ಪಣಿ ಓದದೆ ನನಗೆ ದಿನ ಶುರು ಆಗ್ತಿರ್ಲಿಲ್ಲ. ಅಂಥವ್ರೇ ಹಿಂಗ್ ಮಾಡಿದ್ರಲ್ಲ ಅಂತ ಸಂಕಟ ಆತು. ಅದಕ್ಕೇ ಸಿಟ್ಟು..."

ಅಂದರೆ... ಇವನೂ ಕಾಯುತ್ತಿದ್ದನಾ!

ವಾಮದೇವಪ್ಪನವರಿಗೆ ಅವನೇ ಫೋನ್ ಮಾಡಿ ಎಲ್ಲ ತಿಳಿಸಿದ. ಆಮೇಲೆ ಬಸ್ ನಿಲ್ದಾಣದವರೆಗೂ ಜೊತೆಗೆ ನಡೆದ.

"ಮುಂದಿನ ವಾರ ನಮ್ಮವ್ವನ್ನ ಕರ್ಕಂಡು ನಿಮ್ಮನೆಗೆ ಬರ್ಲೇನ್ರಿ?"

"ಮೊದ್ಲು ನನ್ನ ಕೇಳ್ರಿ!"

ಅವನು ನಿಂತುಬಿಟ್ಟ. "ನನ್ನ ಮದ್ವೆ ಆಗ್ತೀಯಾ, ಆಶಾ?"

ಬಸ್ಸಿನ ಮೆಟ್ಟಿಲು ಹತ್ತಿ ಅವಳು ತಿರುಗಿದಳು.

"ಮುಂದಿನ ವಾರ ಬ್ಯಾಡ... ನಾಳೆನೇ ಬರ್ರಿ."